ಕಾಂತಪ್ಪನ ಬನಿಯನ್

ಸೇಡು ಮರೆಯುವ ಹೆಂಗಸು ನಾನಲ್ಲ. ಪಕ್ಕದ ಖೋಲಿಯ ಕಾಂತಪ್ಪನಿಗೆ ಅದು ಗೊತ್ತಿರಲಿಲ್ಲ, ಪಾಪ.

ವಿಕ್ರೋಳಿಯ ನಮ್ಮ ಚಾಳಿನಲ್ಲಿ ನನಗೆ ಗಂಡ ಮಕ್ಕಳು ಅಂತ ಯಾರೂ ಇಲ್ಲ, ಇದ್ದದ್ದು ಬೊಗ್ಗು ಎಂಬ ನಾಯಿ ಮಾತ್ರ. ಬೆಳಿಗ್ಗೆ ನಾನು ಹೋಟೆಲಿನ ಅಡುಗೆಮನೆಗೆ ಹೊರಟರೆ ಸಾಕು, ಬಾಗಿಲು ಕೆರೆದು ಊಳಿಡುತ್ತಿತ್ತು. ಉಳಿದವರು ಗೊಣಗಿ ಸುಮ್ಮನಾಗುತ್ತಿದ್ದರು. ಕಾಂತಪ್ಪ ಚಾಳ್ ಕಮಿಟಿಯವನು, ಸುಮ್ಮನಿರುತ್ತಾನೆಯೇ? ಒಂದು ದಿನ ಕಿಟಕಿಯ ಸರಳುಗಳ ನಡುವಿನಿಂದ ನೆಲ ಒರೆಸಿದ ನೀರನ್ನು ಅದರ ಮೇಲೆ ಸುರಿದ. ನಾನು ಬಂದಾಗ ಬೊಗ್ಗು ಮಂಚದಡಿ ತೊಯ್ದು ನಡುಗುತ್ತಿತ್ತು.

ಕೇಳಲು ಹೋದೆ. "ಮತ್ತೆಂತ ಮಾಡುದು ಸೇವಂತಿ? ಗಣಪತಿ ಹಬ್ಬದ ಮೀಟಿಂಗು ಬರುವುದ್ರೊಳಗೆ ಅದು ಬಾಯಿ ಮುಚ್ಚಬೇಕು. ಇಲ್ಲದಿದ್ರೆ ನಾಯಿಯನ್ನು ಹೊರಗೆ ಹಾಕುವ ಠರಾವು ನಾನೇ ತರ್ತೇನೆ," ಎಂದ.

ನನ್ನ ಮೈಯೆಲ್ಲ ಉರಿಯಿತು. ಆದರೂ ಜಗಳವಾಡದೆ ನಾಯಿ ಡಾಕ್ಟರ ಹತ್ತಿರ ಹೋದೆ. ಹೊರಡುವಾಗ ಮುದ್ದಾಡಬೇಡಿ, ಹೆಸರು ಹಿಡಿದು ಕರೆಯಬೇಡಿ, ಬಾಗಿಲು ಹಾಕಿ ಕೂಡಲೇ ತೆರೆಯಿರಿ, ಆಮೇಲೆ ಹೊತ್ತು ಸ್ವಲ್ಪ ಸ್ವಲ್ಪ ಹೆಚ್ಚಿಸಿ, ನಿಮ್ಮ ಮೈವಾಸನೆಯ ಬಟ್ಟೆಯೊಂದನ್ನು ಹತ್ತಿರ ಇಡಿ ಎಂದರು. ಬಟ್ಟೆಯ ಮಾತು ಬಂದಾಗ ನನ್ನ ತಲೆಗೆ ಬೇರೆಯೇ ಹುಳ ಹೊಕ್ಕಿತು.

ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಬಾಂಡಿವಾಲಿ ಬಂದ ದಿನ ಕಾಂತಪ್ಪನ ಹೆಂಡತಿ ಗ್ಯಾಲರಿಯಲ್ಲಿ ಗಂಟು ಬಿಚ್ಚಿದಳು. ಬಾಂಡಿವಾಲಿ ಕೊಡುವುದಕ್ಕಿಂತ ದೊಡ್ಡ ಡಬ್ಬ ಕೊಟ್ಟು ಅವನ ಬನಿಯನ್ನುಗಳನ್ನು ನಾನೇ ತೆಗೆದುಕೊಂಡೆ. "ನೆಲ ಒರೆಸ್ಲಿಕ್ಕೆ ಅಕ್ಕ," ಎಂದೆ. ಸೊಂಟನೋವಿಗೆ ಅವನು ಹೊತ್ತುಹೊತ್ತಿಗೆ ಬಳಿಯುವ ಮುಲಾಮಿನ ವಾಸನೆ ಎಷ್ಟು ಒಗೆದರೂ ಅವುಗಳಿಂದ ಹೋಗಿರಲಿಲ್ಲ.

ಅಂದಿನಿಂದ ಬೊಗ್ಗುವಿಗೆ ತುಪ್ಪದನ್ನ, ಮೀನಿನ ತಲೆ, ನಿದ್ದೆ ಎಲ್ಲವೂ ಆ ಬನಿಯನ್ನಿನ ಮೇಲೆಯೇ. ಬಾಗಿಲಿನ ಅಭ್ಯಾಸವನ್ನೂ ಬಿಡದೆ ಮಾಡಿಸಿದೆ. ಕ್ರಮೇಣ ಮುಲಾಮಿನ ವಾಸನೆ ಬಂದರೆ ಸಾಕು, ಬಾಲ ಅಲ್ಲಾಡತೊಡಗಿತು. ನಾನು ಹೊರಟರೆ ಸದ್ದಿಲ್ಲ. ಕಾಂತಪ್ಪ ಗ್ಯಾಲರಿಯ ಕುರ್ಚಿಯಿಂದೆದ್ದು ಇಸ್ಪೀಟಿಗೆ ಹೊರಟರೆ ಮಾತ್ರ ಇಡೀ ಚಾಳು ಕಿವಿ ಮುಚ್ಚಿಕೊಳ್ಳಬೇಕು.

ಮೀಟಿಂಗಿನಲ್ಲಿ ಅವನು ಠರಾವು ತೆಗೆಯುವ ಮೊದಲೇ ಕೆಳಗಿನ ಖೋಲಿಯ ಟೇಲರ್ ಪೀರಸಾಬ ಎದ್ದ. "ಆ ನಾಯಿ ಸೇವಂತಿಬಾಯಿ ಹೋದ್ರ ಅಳೂದಿಲ್ರೀ. ನೀವು ಹೋದ್ರ ಅಳತೈತಿ. ಮುಂಜಾನಿ ನೀವ ಮನ್ಯಾಗ ಕುಂದರ್ರಿ."

ಎಲ್ಲರೂ ನಕ್ಕು ಹೌದೆಂದರು. ಕಾಂತಪ್ಪನ ಇಸ್ಪೀಟು ನಿಂತಿತು, ನನ್ನ ಹೊಟ್ಟೆ ತಣ್ಣಗಾಯಿತು. ಮಾಡಿದ್ದುಣ್ಣೋ ಮಹಾರಾಯ ಅಂದುಕೊಳ್ಳುತ್ತಾ ದಿನಾ ಅವನ ಕುರ್ಚಿಯ ಮುಂದೆ ಬೇಕೆಂದೇ ನಿಧಾನವಾಗಿ ನಡೆದು ಹೋಗುತ್ತಿದ್ದೆ.

ಮೊನ್ನೆ ಛತ್ರಿ ಮರೆತು ಅರ್ಧದಾರಿಯಿಂದ ಹಿಂದಿರುಗಿದೆ. ಕಾಂತಪ್ಪ ಕಿಟಕಿಯೊಳಗೆ ಕೈಹಾಕಿ ಬಿಸ್ಕತ್ತು ಕೊಡುತ್ತಿದ್ದ. ನೀರು ಸುರಿದ ಅದೇ ಕಿಟಕಿ. ಬೊಗ್ಗು ಅವನ ಅಂಗೈ ನೆಕ್ಕುತ್ತಿತ್ತು.

"ನೀನು ಹೋಗು ಮಾರಾಯ್ತಿ, ಲೋಕಲ್ ಟ್ರೇನು ತಪ್ತದೆ. ನಾನಿದ್ದೇನಲ್ಲ ಇಲ್ಲಿ," ಎಂದ.

ಒಳಗೆ ಹೋಗಿ ಛತ್ರಿ ತೆಗೆದುಕೊಂಡೆ. ಬೊಗ್ಗು ತಿರುಗಿ ನೋಡಲಿಲ್ಲ. ಡಾಕ್ಟರು ಬೇಡವೆಂದಿದ್ದರೂ ಹೆಸರು ಹಿಡಿದು ಕರೆದೆ. ಒಂದು ಕಿವಿ ಅಲುಗಿತು, ಅಷ್ಟೇ. ಬೀಗ ಹಾಕಿ ಇಳಿದು ಮೆಟ್ಟಿಲ ಬುಡದಲ್ಲಿ ನಿಂತೆ. ಒಂದೇ ಒಂದು ಸಲ ನನಗಾಗಿ ಅಳಲಿ ಎಂದು ಕಾದೆ.

ಮೇಲಿನಿಂದ ಕಾಂತಪ್ಪ ನಗುವುದು ಕೇಳಿಸಿತು.