ಸಂಚಕಾರವಿಲ್ಲದ ಮನೆ

ರಜೆಯ ದಿನ ಶುಕ್ರವಾರ. ಹಾಲಸಿದ್ದಪ್ಪನಿಗೆ ವಾರದಲ್ಲೆಲ್ಲ ಉದ್ದದ ದಿನವೂ ಅದೇ. ಅವನು ಬೈಲಹೊಂಗಲ ಕಡೆಯವನು, ಕತಾರಿನ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ, ಅಲ್ ಮನ್ಸೂರಾ ಬಡಾವಣೆಯಲ್ಲಿ ಒಂಟಿ ಕೋಣೆ. ಹೆಂಡತಿ ಸೌಂದರ್ಯಾ ಇಂಗ್ಲೆಂಡಿನ ಲೆಸ್ಟರಿನಲ್ಲಿ ನರ್ಸ್. ಮಗ ವಿಶಾಲ ತಾಯಿಯ ಜೊತೆ. ಅಲ್ಲೊಂದು ಸ್ವಂತ ಮನೆಯಾದ ಕೂಡಲೇ ಇವನು ಇಲ್ಲಿಯ ಕೆಲಸ ಬಿಟ್ಟು ಹೋಗುವುದೆಂದು ಮಾತಾಗಿತ್ತು.

ಆ ಶುಕ್ರವಾರ ಬೆಳಿಗ್ಗೆ ಸೌಂದರ್ಯಾ ಫೋನು ಮಾಡಿದಳು.

"ರೀ, ಮನಿ ಮಾರೋರು ನಮ್ಮ ರೇಟಿಗೆ ಹೂಂ ಅಂದ್ರು."

ಹಾಲಸಿದ್ದಪ್ಪ ಮುಂದಿನ ಮಾತು ಕೇಳಲೇ ಇಲ್ಲ. ಕೆಳಗಿಳಿದು ಸಕ್ಕರೆ ತಂದು, ಊರಿನಲ್ಲಿ ವ್ಯವಹಾರ ಕುದುರಿದಾಗ ಹಂಚುವಂತೆ ಬಾಗಿಲು ಬಾಗಿಲಿಗೂ ಹಂಚಿದ. ತನ್ನ ರೊಟ್ಟಿ ಹಂಚನ್ನು ಪಕ್ಕದ ಕೋಣೆಯ ನಾಗಾರ್ಜುನನಿಗೆ ಕೊಟ್ಟುಬಿಟ್ಟ. "ಇನ್ನ ಮ್ಯಾಲೆ ನನಗ ಮಾಡಿ ಹಾಕೋರು ಅದಾರ," ಎಂದ.

ಅಷ್ಟರಲ್ಲಿ ಎದುರು ಕೋಣೆಯ ಕಜೆತಾನ್ ಅಬು ಹಮೂರಿನ ಚರ್ಚಿನಿಂದ ಬಂದ. ಮಂಗಳೂರಿನವನು, ವಯಸ್ಸಿನಲ್ಲಿ ದೊಡ್ಡವನು. ಅಂಗೈಗೆ ಸಕ್ಕರೆ ಬಿತ್ತು.

"ಎಂಥದು ಸಿದ್ದಪ್ಪ ಮಾರಾಯ್ರೇ, ಹಬ್ಬವಾ?"

"ಮನಿ ಆತು ಕಜೆತಾನಣ್ಣಾ! ಭಾನುವಾರ ಕಂಪನಿಗೆ ರಾಜೀನಾಮೆ ಕೊಡ್ತೀನಿ. ಖಲಾಸ್!"

"ಕರಾರಿಗೆ ಸಹಿ ಆಯ್ತಾ?"

"ಸಹಿ ಯಾಕ್ರೀ? ಅವರು ಹೂಂ ಅಂದಾರ."

"ನಿಮ್ಮ ಊರಲ್ಲಿ ಮುಂಗಡ ಸಂಚಕಾರ ಕೊಡದೆ ಮನೆ ಆಯ್ತು ಅಂತೀರಾ?"

"ಇಲ್ಲ... ಅವರು ಸಂಚಕಾರ ಕೇಳೇ ಇಲ್ಲ."

"ಅದನ್ನೇ ನಾನು ಹೇಳುವುದು." ಕಜೆತಾನ್ ಸಕ್ಕರೆ ಬಾಯಿಗೆ ಹಾಕದೆ ಕುಳಿತ. "ಇಂಗ್ಲೆಂಡಲ್ಲಿ ಬಾಯಿಮಾತಿಗೆ ಇಬ್ಬರೂ ಕಟ್ಟುಬೀಳುವುದಿಲ್ಲ. ಎರಡೂ ಕಡೆಯ ವಕೀಲರು ಸಹಿಯಾದ ಕರಾರುಪತ್ರ ಅದಲುಬದಲು ಮಾಡಿಕೊಳ್ಳಬೇಕು. ಮುಂಗಡ ಕಟ್ಟುವುದೂ ಆ ಹೊತ್ತಿಗೇ. ಅಲ್ಲಿವರೆಗೆ ಅವರು ಬೇರೆಯವರಿಗೆ ಕೊಡಬಹುದು, ನೀವೂ ಬೇಡ ಅನ್ನಬಹುದು. ಅಲ್ಲೇ ಇರುವ ನನ್ನ ತಂಗಿಗೆ ಹಾಗೇ ಆಯ್ತು. ಬಾಡಿಗೆ ಮನೆ ಬಿಟ್ಟಾಗಿತ್ತು. ಮಾರುವವನು ಹೆಚ್ಚು ಕೊಟ್ಟವನಿಗೆ ಕೊಟ್ಟ. ಸಾಮಾನು ಕಟ್ಟಿಕೊಂಡು ಯಾರದೋ ಮನೆಯ ಹಜಾರದಲ್ಲಿ ಮಲಗಿದಳು."

"ಸಕ್ಕರಿ ತಿಂದ ಮ್ಯಾಲೆ ಮಾತು ತಪ್ಪೋ ಜನಾನ?"

"ಅವರು ನಿಮ್ಮ ಸಕ್ಕರೆ ತಿಂದಿಲ್ಲವಲ್ಲ. ತಿಂದದ್ದು ಈ ಕಟ್ಟಡದವರು."

ಹಾಲಸಿದ್ದಪ್ಪನಿಗೆ ಸಿಟ್ಟು ಬಂತು. "ನಿಮಗೇನ್ರೀ? ಚರ್ಚು ಐತಿ, ಜನ ಅದಾರ. ನಾನು ಈ ಗ್ವಾಡಿ ನೋಡ್ಕೋತ ಇನ್ನೂ ಎಷ್ಟು ದಿನ ಕೂಡ್ಲಿ? ಮಗ ಫೋನಿನ್ಯಾಗ 'ಹಾಯ್ ಅಪ್ಪಾ' ಅಂದು ಓಡಿ ಹೋಗ್ತಾನ."

ಕಜೆತಾನ್ ತನ್ನ ಕೋಣೆಯ ಬಾಗಿಲ ಕಡೆ ನೋಡಿದ. "ಚರ್ಚಿಂದ ಬಂದ ಮೇಲೆ ನಾನೂ ಒಬ್ಬನೇ," ಎಂದ. "ಅದಕ್ಕೇ ಹೇಳುವುದು. ಇಲ್ಲಿ ಕೆಲಸ ಹೋಗಿ ಅಲ್ಲಿ ಮನೆಯೂ ಆಗದಿದ್ದರೆ? ಒಮ್ಮೆ ನಿಮ್ಮ ಹೆಂಡತಿಯನ್ನೇ ಕೇಳಿ."

ಲೆಸ್ಟರಿಗೆ ಫೋನು ಹೋಯಿತು.

"ವಕೀಲರೂ ಹಂಗ ಅಂದ್ರು," ಎಂದಳು ಸೌಂದರ್ಯಾ. "ಮನಿ ತಪಾಸಣಿ ಆಗಬೇಕು, ರಸ್ತೆ, ಚರಂಡಿ, ಪರವಾನಗಿ ಅಂತ ಇಲ್ಲಿ ಪುರಸಭೆಯಂಥ ಕೌನ್ಸಿಲ್‌ನ್ಯಾಗ ವಿಚಾರಿಸಬೇಕು. ಮನಿ ಕೆಳಗಿನ ನೆಲ ನಮ್ದಾಗತದೋ ಬರೇ ಗುತ್ತಿಗಿಯೋ, ಅದನ್ನೂ ನೋಡಬೇಕಂತ. ನೀವು ಅಷ್ಟು ಖುಷಿಯಾಗಿದ್ರಿ. ಹೇಳಾಕ ಮನಸ್ಸಾಗ್ಲಿಲ್ಲ."

ಭಾನುವಾರ ರಾಜೀನಾಮೆ ಕೊಡಲಿಲ್ಲ.

ಕೆಲವು ವಾರ ಕಳೆದು ಮನೆ ತಪಾಸಣೆಯ ವರದಿ ಬಂತು. ಹಿಂದಿನ ಗೋಡೆ ಕುಸಿಯುತ್ತಿತ್ತು. ಹೊಸ ಬಣ್ಣದ ಕೆಳಗೆ ಬಿರುಕು. ಗಂಡ ಹೆಂಡತಿ ಇಬ್ಬರೂ ಬೇಡವೆಂದರು. ತಪಾಸಣೆಗೂ ವಕೀಲರಿಗೂ ಕೊಟ್ಟ ಹಣ ಹೋಯಿತು, ಆದರೆ ಮನೆ ಕುತ್ತಿಗೆಗೆ ಬೀಳಲಿಲ್ಲ. ಕರಾರು ಆಗಿಬಿಟ್ಟಿದ್ದರೆ ಹಿಂದೆ ಸರಿಯಲು ಮುಂಗಡವನ್ನೇ ಬಿಡಬೇಕಿತ್ತು, ಕೋರ್ಟಿಗೂ ಹೋಗಬೇಕಾಗುತ್ತಿತ್ತೇನೋ.

"ಇನ್ನೊಂದು ಮನಿ ನೋಡೂಣು," ಎಂದ ಹಾಲಸಿದ್ದಪ್ಪ ಫೋನಿನಲ್ಲಿ. ದನಿ ಸಣ್ಣಗಿತ್ತು. "ಕರಾರು ಆದ ದಿನ ಫೋನ್ ಮಾಡು. ಅವತ್ತ ರಾಜೀನಾಮೆ."

"ಅಲ್ಲಿತನಕ?"

"ಅಲ್ಲಿತನಕ ಶುಕ್ರವಾರ ಬರ್ತಾವ, ಹೋಗ್ತಾವ."

ಅವನು ಎದ್ದು ಪಕ್ಕದ ಕೋಣೆಗೆ ಹೋಗಿ ಹಂಚು ವಾಪಸು ಕೇಳಿದ.

"ಕಾಕಾ, ಅದ್ರಾಗ ಆಮ್ಲೆಟ್ ಹಾಕಿ ಕೆಡಿಸೀನಿ," ಎಂದ ನಾಗಾರ್ಜುನ.

"ಕೊಡಲೇ. ತಿಕ್ಕಿದ್ರ ಹೋಗತದ."

ಆ ಮಧ್ಯಾಹ್ನ ಹಾಲಸಿದ್ದಪ್ಪ ಹಂಚು ತಿಕ್ಕಿ ತಿಕ್ಕಿ ತೊಳೆದ. ಜೋಳದ ಹಿಟ್ಟು ಕಲಸಿದ. ತನಗೆ ಬೇಕಾದಷ್ಟು ತಟ್ಟಿ, ಎದುರಿನ ಕಜೆತಾನನ ಬಾಗಿಲು ನೋಡಿ, ಇನ್ನೊಂದು ರೊಟ್ಟಿ ತಟ್ಟಿದ.

ಕತಾರಿನಲ್ಲಿ ಕುಳಿತು ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವ ಅಣ್ಣಂದಿರೇ, ಅಕ್ಕಂದಿರೇ, ಒಂಟಿತನ ನಿಮ್ಮನ್ನು ಅವಸರ ಮಾಡುತ್ತದೆ, ನಮಗೆ ಗೊತ್ತು. ಆದರೂ ಅಲ್ಲಿಯ ವಕೀಲರು ಕರಾರು ಅದಲುಬದಲಾಯಿತು ಎಂದು ಹೇಳುವವರೆಗೆ ಕೆಲಸ ಬಿಡಬೇಡಿ, ಕೋಣೆ ಖಾಲಿ ಮಾಡಬೇಡಿ. ತಪಾಸಣೆಯಿಲ್ಲದೆ ಸಹಿ ಹಾಕಬೇಡಿ. ಅರ್ಥವಾಗದ್ದನ್ನು ವಕೀಲರ ಬಳಿ ಮತ್ತೆ ಮತ್ತೆ ಕೇಳಿ. ಸಕ್ಕರೆ ಡಬ್ಬಿಯಲ್ಲೇ ಇರಲಿ. ಅದು ಕೆಡುವುದಿಲ್ಲ.