ಬೀಜಕ್ಕೆ ಬಿಟ್ಟ ಗುಲಾಬಿ

ಬಾಡಿದ ಗುಲಾಬಿಗೆ ತೋರುವ ಗೌರವವನ್ನು ದರ್ಜಿ ಶೇಷಪ್ಪನವರು ಅರಳಿದ ಗುಲಾಬಿಗೆ ಎಂದೂ ತೋರಿದವರಲ್ಲ. ಸಾಗರದ ಅವರ ಮನೆಯ ಮುಂದೆ ಹಳೆಯ ಪೇಂಟ್ ಡಬ್ಬಿಗಳಲ್ಲಿ ಬೆಳೆದ ಗಿಡಗಳು ಹೂವಾದಾಗ ಓರೆಗಣ್ಣಿನಲ್ಲಿ ನೋಡಿ ಸುಮ್ಮನಾಗುತ್ತಾರೆ. ಎಸಳುದುರಿ, ಬುಡದಲ್ಲಿ ಹಸಿರು ಕಾಯೊಂದು ಗುಂಡಗೆ ಉಬ್ಬತೊಡಗಿತೆಂದರೆ, ಕೊರಳಲ್ಲಿ ಅಳತೆ ಟೇಪು ತೂಗಾಡುತ್ತಿರುವಂತೆಯೇ ದಿನಕ್ಕೆ ನಾಲ್ಕು ಸಲ ಮಿಷನ್ನಿನಿಂದ ಎದ್ದು ಬರುತ್ತಾರೆ. ಎಡಗಾಲನ್ನು ತುಸು ಎಳೆದು, ಬಲಗಾಲಿನಿಂದ ಪೆಡಲ್ ತುಳಿದಂತೆ ಹೆಜ್ಜೆಯಿಡುವ ಆ ನಡಿಗೆ ನಲವತ್ತು ವರ್ಷದ ಕಸುಬು ಮೈಗೆ ಹೊಲಿದುಕೊಟ್ಟದ್ದು.

"ಒಂದು ಗೆಲ್ಲು ಕಡಿದು ನೆಟ್ರೆ ಬೇಗ ಹೂ ಬರ್ತದಲ್ಲ ಮಾರಾಯ್ರೆ" ಎಂದು ಅಂಗಿಯ ಅಳತೆ ಕೊಡುತ್ತ ನಾನೊಮ್ಮೆ ಕೇಳಿದ್ದೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವುದು ಅವರ ರೂಢಿ. "ಬರ್ತದೆ. ಅದೇ ಹೂ ಬರ್ತದೆ" ಎಂದರು, ಬೇಸರದ ಸುದ್ದಿ ಹೇಳುವವರಂತೆ.

ಹಣ್ಣಾದ ಕಾಯಿಯನ್ನು ಬ್ಲೇಡಿನಿಂದ ಸೀಳಿ, ಬೀಜ ತೊಳೆದು, ಒದ್ದೆ ಬಟ್ಟೆಯ ಚೂರಿನಲ್ಲಿ ಸುತ್ತಿ ಎರಡು ತಿಂಗಳು ಫ್ರಿಜ್ಜಿನಲ್ಲಿಡುತ್ತಾರೆ. "ನಮ್ಮನೆ ಫ್ರಿಜ್ಜಲ್ಲಿ ತಿನ್ನೋದೊಂದು ಬಿಟ್ಟು ಎಲ್ಲ ಇದೆ" ಎನ್ನುವುದು ಹೆಂಡತಿ ಮೂಕಮ್ಮನ ದೂರು. ಇಷ್ಟಾಗಿಯೂ ಮೊಳೆಯುವುದು ನೂರಕ್ಕೆ ಹತ್ತು. ಅದರಲ್ಲಿ ಬುಡ ಕೊಳೆಯದೆ ಉಳಿಯುವುದು ಒಂದೋ ಎರಡೋ.

ಕಳೆದ ವರ್ಷ ಉಳಿದದ್ದು ಒಂದೇ. ಗೇಣುದ್ದದ ಆ ಸಸಿ, ಶಿವರಾತ್ರಿ ಕಳೆದ ಮೇಲೆ, ಹಣ್ಣಡಿಕೆಯ ಬಣ್ಣದ ಒಂದೇ ಒಂದು ಹೂ ಬಿಟ್ಟಿತು. ಹೊಸ ಗಿಡದ ಮೊದಲ ಹೂ ಇಕ್ಕೇರಿಯ ಅಘೋರೇಶ್ವರನಿಗೆ ಎಂಬುದು ಆ ಮನೆಯ ನಡಾವಳಿ. ಹಿಂದಿನ ವರ್ಷಗಳ ಗಿಡಗಳು ಮತ್ತೆ ಹೂ ಬಿಟ್ಟಾವೆಂಬ ಧೈರ್ಯದಲ್ಲಿ ಶೇಷಪ್ಪ ಈವರೆಗೆ ಚಕಾರವೆತ್ತಿರಲಿಲ್ಲ. ಆದರೆ ಈ ಸಸಿಯ ಬುಡ ಆಗಲೇ ಕಪ್ಪಾಗತೊಡಗಿತ್ತು. ಸೋಮವಾರ ಬೆಳಿಗ್ಗೆ ಮೂಕಮ್ಮ ಹೂಬುಟ್ಟಿ ಹಿಡಿದು ಹೊರಬಂದಾಗ ಅವರು ಗಿಡಕ್ಕೆ ಅಡ್ಡ ನಿಂತಿದ್ದರು. ಅಂಗಿಗಾಗಿ ಕಾಯುತ್ತ ನಾನು ಜಗಲಿಯಲ್ಲಿದ್ದೆ.

"ಇದೊಂದು ಬೀಜಕ್ಕೆ ಬಿಡೇ ಮಾರಾಯ್ತಿ. ಗಿಡ ಇನ್ನೊಂದು ಹೂ ಬಿಡೂದು ಸುಳ್ಳು."

"ದೇವರ ಹೂವಿಗೆ ಅಡ್ಡ ನಿಲ್ತೀರಾ? ಸರೀರಿ ಆಚೆ."

"ಕೊಡಲ್ಲ ಅಂದ್ನಾ? ಎಸಳೆಲ್ಲ ನೀನು ತಗೋ. ತೊಟ್ಟು ನಂಗೆ ಬಿಡು."

ಮೂಕಮ್ಮ ಚಾಚಿದ ಕೈ ಹಾಗೆಯೇ ನಿಂತಿತು. ಬಿಡಿ ಎಸಳನ್ನು ಅವರು ಎಂದೂ ಗುಡಿಗೆ ಒಯ್ದವರಲ್ಲ. "ಹರಿದ ಹೂ ಇಟ್ಟು ಅವನಿಗೆ ಏನಂತ ಹೇಳ್ಲಿ?"

"ದರ್ಜಿ ಮನೆಯಿಂದ ತುಂಡೇ ಬರೂದು ಅನ್ನು."

ಆಕೆಗೆ ನಗು ತಡೆಯಲಾಗಲಿಲ್ಲ. ನಕ್ಕದ್ದೇ ಸೋತಂತೆಂದು ಮುಖ ಬಿಗಿದು, ಬಗ್ಗಿ, ಎಳೆಮಗುವಿನ ಅಂಗಿ ಬಿಚ್ಚುವಷ್ಟು ಮೆತ್ತಗೆ ಒಂದೊಂದೇ ಎಸಳು ಬಿಡಿಸಿದರು. ಬರಿದಾದ ತೊಟ್ಟಿನ ನೆತ್ತಿಗೆ ಶೇಷಪ್ಪ ಸಣ್ಣ ಬ್ರಷ್ಷಿನಿಂದ ಬೇರೊಂದು ಹೂವಿನ ಪರಾಗ ಸವರಿದರು.

ಕಾಯಿ ಹಣ್ಣಾಯಿತು, ಗಿಡ ಆಷಾಢ ದಾಟಲಿಲ್ಲ. ಸಿಕ್ಕ ಏಳೇ ಬೀಜಗಳಲ್ಲಿ, ಎಂದಿನ ಲೆಕ್ಕ ಮೀರಿ, ಎರಡು ಗಿಡವಾಗಿ ಈ ವರ್ಷ ಹೂ ಬಿಟ್ಟವು: ಒಂದು ಮಾಸಲು ಬಿಳಿ, ಇನ್ನೊಂದು ಯಾರೂ ತಿರುಗಿ ನೋಡದ ತಿಳಿಗುಲಾಬಿ.

"ಆ ಬಣ್ಣ ಹೋಯ್ತಲ್ಲ" ಎಂದೆ.

"ಅದು ಬಂದಿತ್ತಲ್ಲ" ಎಂದರು ಶೇಷಪ್ಪ, ಬಿಳಿ ಹೂವಿನ ಮೇಲಿನ ಇರುವೆಯನ್ನು ಊದುತ್ತ.

ಗೆಲ್ಲು ನೆಡುವವರು ಒಮ್ಮೆ ಕಂಡ ಚೆಲುವನ್ನು ಕಳೆದುಕೊಳ್ಳಲಾರದವರು. ಅದೂ ಪ್ರೀತಿಯೇ, ನಮ್ಮಲ್ಲಿ ಬಹುಪಾಲು ಮಂದಿಯದು ಅದೇ. ಬೀಜ ಬಿತ್ತುವವರ ಕುಲ ಚಿಕ್ಕದು. ಹೋದವರ ಮುಖವನ್ನು ಅವರು ಬಂದವರಲ್ಲಿ ಹುಡುಕುವುದಿಲ್ಲ. ಬಂದದ್ದು ಯಾರೇ ಆಗಲಿ, ಕೈಕಾಲಿಗೆ ನೀರು ಕೊಟ್ಟು ಒಳಗೆ ಕರೆಯುತ್ತಾರೆ.