ಮಧ್ಯಸ್ಥನ ಹೆಂಡತಿ

ಕನ್ನಡಕದಂಗಡಿಯವನಿಗೆ ಜನರ ಕಣ್ಣು ಸರಿಮಾಡುವುದು ಹೊಟ್ಟೆಪಾಡು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಲೋಕದ ವಾಕ್ಯಗಳನ್ನು ಸರಿಮಾಡುವುದು ಚಟ. ಯಾರು ಬೇಕಾದರೂ ಬರೆದು ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲದ ವಿಶ್ವಕೋಶದಲ್ಲಿ ಅವನ ಹೆಸರು ‘ಮಧ್ಯಸ್ಥ’. ‘ಅಪ್ರತಿಮ’, ‘ಮನೆಮಾತಾದ’ ಎಂಬ ಪದಗಳು ಅವನ ಕಣ್ಣಿಗೆ ಬಿದ್ದರೆ ಉಳಿಗಾಲವಿರಲಿಲ್ಲ. ಅಣ್ಣನ ಪುಟದಲ್ಲಿ ಅಣ್ಣನನ್ನೇ ಹೊಗಳಿದ ಬೇಕರಿಯವನೊಬ್ಬನಿಗೆ ಮೊನ್ನೆಯಷ್ಟೇ ಪಾಠ ಹೇಳಿದ್ದ: ಸಂಬಂಧವಿದ್ದವರು ಪುಟವನ್ನು ಮುಟ್ಟಕೂಡದು, ಚರ್ಚಾಪುಟದಲ್ಲಿ ‘ನಾನು ಇಂಥವರಿಗೆ ಇಂಥವನಾಗಬೇಕು’ ಎಂದು ಒಪ್ಪಿಕೊಂಡು, ತಿದ್ದಿಕೊಡಿ ಎಂದು ಬೇರೆಯವರನ್ನು ಕೇಳಬೇಕು. ಬೇಕರಿಯವನು ನೊಂದುಕೊಂಡು ವಿಶ್ವಕೋಶವನ್ನೇ ಬಿಟ್ಟುಹೋದ.

ಪಾಠ ಹೇಳಿದವನೇ ಅದನ್ನು ಪಾಲಿಸಿರಲಿಲ್ಲ. ಅವನ ಹೆಂಡತಿಯ ಮೊದಲ ಗಂಡ ಹೆಸರಾಂತ ಚದುರಂಗದ ಆಟಗಾರ. ಆ ಮಹಾಶಯನ ಪುಟಕ್ಕೆ ವರ್ಷಗಳಿಂದ ಕಾವಲು ಕೂತವನು ಈ ಎರಡನೆಯವನು. ಶುರುವಾದದ್ದು ಹೀಗೆ: ಯಾರೋ ಅಲ್ಲಿ ಆಟಗಾರನನ್ನು ಬಾಯಿಗೆ ಬಂದಂತೆ ಬೈದಿದ್ದರು. ಅದನ್ನು ಅಳಿಸುವ ಮೊದಲು ಎರಡೆರಡು ಸಲ ಓದಿಕೊಂಡೆನಲ್ಲ ಎಂಬ ಅಳುಕು ಕನ್ನಡಕದವನನ್ನು ಬಿಡಲಿಲ್ಲ. ಪ್ರಾಯಶ್ಚಿತ್ತವೆಂಬಂತೆ ಆಟಗಾರ ಗೆದ್ದ ಪಂದ್ಯಗಳನ್ನು ಹುಡುಕಿ ಹುಡುಕಿ ಸೇರಿಸಿದ. ಬೋಳುತಲೆ ಕಾಣದಂಥ ಒಳ್ಳೆಯ ಫೋಟೊ ತಂದು ಹಾಕಿದ. ಹೆಂಡತಿಗೆ ಇದನ್ನು ಹೇಳಿರಲಿಲ್ಲ. ಒಮ್ಮೆ ಬೆನ್ನ ಹಿಂದೆ ನಿಂತು ಪರದೆ ನೋಡಿಬಿಟ್ಟ ನಾದಿನಿಗೆ ಮಾತ್ರ ಗೊತ್ತಿತ್ತು.

ಆ ನಾದಿನಿಯೇ ಮಧ್ಯಾಹ್ನ ಅಂಗಡಿಗೆ ನುಗ್ಗಿದಳು.

“ಭಾವ, ನಿಮ್ಮ ಸವತಿ ಮಹಾಶಯನ ಪುಟ ನೋಡಿದ್ರಾ ಇವತ್ತು?”

ಕನ್ನಡಿಯ ಮುಂದೆ ಫ್ರೇಮು ಏರಿಸಿಕೊಂಡು ನಿಂತಿದ್ದ ಗಿರಾಕಿಯೊಬ್ಬ ಕಿವಿ ನಿಮಿರಿಸಿದ. ನಾದಿನಿ ಫೋನು ಮುಂದೆ ಹಿಡಿದಳು. ‘ಹದ್ದು’ ಎಂಬ ಹೆಸರಿನವರು ಹೊಸ ಸಾಲು ಸೇರಿಸಿದ್ದರು: ಮೊದಲ ಪತ್ನಿಯ ಮನೋರೋಗದ ಕಾರಣ ಅವರು ಅಂತಿಮ ಪಂದ್ಯದಿಂದ ಹಿಂದೆ ಸರಿಯಬೇಕಾಯಿತು. ಪತ್ನಿಯ ಹೆಸರು ಪೂರ್ತಿಯಾಗಿ ಇತ್ತು. ಆಧಾರ, ಆಟಗಾರನ ಹೊಸ ಆತ್ಮಕಥೆ.

“ಅಕ್ಕ ಈಜು ಕಲಿಸೋ ಕೊಳದಲ್ಲಿ ಯಾವುದೋ ಮಗುವಿನ ತಾಯಿ ಇದನ್ನ ಮ್ಯಾನೇಜರಿಗೆ ತೋರಿಸಿದ್ದಾಳೆ. ಇಂಥವಳ ಕೈಗೆ ಕೊಟ್ಟು ಮಕ್ಕಳನ್ನ ನೀರಿಗಿಳಿಸೋದಾ ಅಂತ. ಸಂಜೆ ಅಕ್ಕನ್ನ ಕರೆದಿದ್ದಾರೆ. ಕೆಲಸ ಉಳಿಯೋ ಹಾಗೆ ಕಾಣಲ್ಲ. ತೆಗೀರಿ ಇದನ್ನ.”

“ನಾನು ಮುಟ್ಟೋ ಹಾಗಿಲ್ಲ.”

“ಇಷ್ಟು ವರ್ಷ ಮುಟ್ಟಿದ್ದು?”

“ಅದು... ಅವನಿಗೆ ಒಳ್ಳೇದಾಗೋ ಹಾಗೆ.”

“ಆಹಾ, ಎಂಥಾ ದೊಡ್ಡ ಮನಸ್ಸು! ಅವನಿಗೆ ಒಳ್ಳೇದು ಮಾಡೋಕೆ ಅಡ್ಡಿಯಿಲ್ಲ, ಅಕ್ಕನಿಗೆ ಮಾಡೋಕೆ ಹೊರಟ್ರೆ ನಿಯಮ.”

“ಅವಳ ಗಂಡ ಅಂತ ಚರ್ಚಾಪುಟದಲ್ಲಿ ಹೇಳ್ಕೊಂಡು ಬೇರೆಯವರನ್ನ ಕೇಳಬಹುದು.”

“ಹೇಳಿ ಮತ್ತೆ. ಅಕ್ಕ ಈಗ ಎಲ್ಲಿದ್ದಾಳೆ, ಯಾರ ಮನೇಲಿದ್ದಾಳೆ ಅಂತ ಓದಿದವರೆಲ್ಲ ಮೆರವಣಿಗೆ ಬರಲಿ. ಭಾವ, ನಿಮ್ಮನ್ನ ಕಟ್ಟಿಕೊಂಡು ಅಕ್ಕ ಕೆಟ್ಟಳು ಅಂತ ನಾನು ಯಾವತ್ತೂ ಅಂದಿಲ್ಲ. ಇವತ್ತು ಅನ್ನಿಸಬೇಡಿ.”

ಅವಳು ಹೋದ ಮೇಲೆ ಕನ್ನಡಕದವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಒರೆಸಿದ ಗಾಜನ್ನೇ ಒರೆಸಿದ. ಎಡಗಣ್ಣು ಮುಚ್ಚಿಕೊಳ್ಳಿ ಎಂದು ಹೇಳಿ, ಗಿರಾಕಿ ಮುಚ್ಚಿಕೊಂಡ ಮೇಲೆ ಬಲಗಣ್ಣೂ ಎಂದ. ಆಸಾಮಿ ಎರಡೂ ಮುಚ್ಚಿಕೊಂಡು ಸ್ವಲ್ಪ ಹೊತ್ತು ಕಾದು, ನಾಳೆ ಬರ್ತೀನಿ ಸ್ವಾಮಿ ಎಂದು ಹೊರಟುಹೋದ.

ಮಧ್ಯಸ್ಥ ಗಣಕದ ಮುಂದೆ ಕೂತು ಆ ಸಾಲನ್ನು ಅಳಿಸಿದ. ಒಂದು ನಿಟ್ಟುಸಿರು ಬಿಡುವಷ್ಟು ಹೊತ್ತು ಹಗುರವೆನಿಸಿತು. ಆಮೇಲೆ ಬೇಕರಿಯವನು ನೆನಪಾದ. ಅವನಿಗೊಂದು ನ್ಯಾಯ, ನನಗೊಂದು ನ್ಯಾಯವೇ? ಅಳಿಸಿದ್ದನ್ನು ಅಕ್ಷರ ಬಿಡದೆ ಮತ್ತೆ ಅಲ್ಲೇ ಹಾಕಿದ. ಹಾಕಿದ ಮೇಲೆ ತಿಳಿಯಿತು, ಮಾಡಿಕೊಂಡದ್ದು ಎಂಥ ಎಡವಟ್ಟೆಂದು. ಯಾರು ಏನು ಸೇರಿಸಿದರು, ಏನು ಅಳಿಸಿದರು ಎಂದು ದಾಖಲಿಸುವ ಪುಟದ ಇತಿಹಾಸ ಯಾವುದನ್ನೂ ಮರೆಯುವುದಿಲ್ಲ. ಈಗ ಅಲ್ಲಿ, ಎಲ್ಲಕ್ಕಿಂತ ಮೇಲೆ, ಆ ಸಾಲನ್ನು ಸೇರಿಸಿದವನು ಮಧ್ಯಸ್ಥ ಎಂದೇ ಇತ್ತು.

ಅಷ್ಟರಲ್ಲಿ ಹದ್ದಿನ ಪ್ರಶ್ನೆಯೂ ಬಂತು: ‘ಮಧ್ಯಸ್ಥರೇ, ತೆಗೆದಿರಿ, ಮತ್ತೆ ಹಾಕಿದಿರಿ. ಕಾರಣವೇನು?’

ಕಾರಣ ಬಾಗಿಲು ತಳ್ಳಿಕೊಂಡು ಒಳಗೆ ಬಂತು. ಹೆಂಡತಿಯ ಕೂದಲು ಇನ್ನೂ ಒದ್ದೆಯಿತ್ತು. ಹೆಗಲಲ್ಲಿ ಕೊಳದ ಚೀಲ, ಕೈಯಲ್ಲಿ ಫೋನು.

“ರೀ, ಮಧ್ಯಸ್ಥ ಅಂದ್ರೆ ನೀವೇ ಅಂತಲ್ಲ. ತಂಗಿ ಹೇಳಿದಳು. ಇದನ್ನ ಹಾಕಿದ್ದು ನೀವಾ?”

“ಹಾಕಿದ್ದಲ್ಲ. ಹದ್ದು ಹಾಕಿದ್ದು. ನಾನು ತೆಗೆದೆ.”

“ಆಮೇಲೆ?”

“ಆಮೇಲೆ... ಹಾಕಿದೆ.”

ಅವಳು ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತು ಇಡೀ ಪುಟವನ್ನು ಮೇಲಿಂದ ಕೆಳಗಿನವರೆಗೆ ಓದಿದಳು. ಅವನು ನಿಂತೇ ಇದ್ದ.

“ಎಷ್ಟು ಚೆನ್ನಾಗಿ ಬರೆದಿದ್ದೀರಿ! ಓದ್ತಾ ಓದ್ತಾ, ಇಂಥ ಗಂಡನ್ನ ಯಾಕಾದ್ರೂ ಬಿಟ್ಟೆನಪ್ಪಾ ಅನ್ನಿಸಿಬಿಡ್ತು.” ಅವಳು ನಗಲಿಲ್ಲ. “ಬರೀರಿ ಈಗ. ನಾನು ಅವಳ ಗಂಡ ಅಂತ.”

“ಎಲ್ಲರಿಗೂ ಗೊತ್ತಾಗುತ್ತೆ.”

“ಗೊತ್ತಾಗಬಾರದ್ದೇ ಗೊತ್ತಾಗಿದೆ. ಗಂಡ ಇದ್ದಾನೆ ಅನ್ನೋದೂ ಗೊತ್ತಾಗಲಿ.”

ಅವನು ಬರೆದ. ಬೇಕರಿಯವನಿಗೆ ಹೇಳಿಕೊಟ್ಟ ವಾಕ್ಯವನ್ನೇ ಬರೆದ. ಸಾಲನ್ನು ತೆಗೆಯಬೇಕೆಂದು ಕೋರಿದ. ಇಬ್ಬರೂ ಪರದೆ ನೋಡುತ್ತ ಕೂತರು. ಅವಳು ಚೀಲದ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. ಅವನು ಎದ್ದು ಬೀದಿ ನೋಡಿ ಬಂದು ಕೂತ, ಮತ್ತೆ ಎದ್ದ.

ಹದ್ದು ಉತ್ತರಿಸಿತು: ‘ಒಬ್ಬರ ಆರೋಗ್ಯಕ್ಕೆ ಇನ್ನೊಬ್ಬರ ಆತ್ಮಕಥೆಯೊಂದೇ ಆಧಾರವಾಗದು. ನನ್ನದೇ ತಪ್ಪು, ತೆಗೆದಿದ್ದೇನೆ. ಮಧ್ಯಸ್ಥರು ಇನ್ನು ಈ ಪುಟದಿಂದ ದೂರವಿರಲಿ. ಅವರು ಈವರೆಗೆ ಬರೆದದ್ದನ್ನೂ ಪರಿಶೀಲಿಸಬೇಕಿದೆ. ಹೊಗಳಿಕೆ ಅತಿಯಾಯಿತು.’

ಕನ್ನಡಕದವನ ಮುಖ ಸಣ್ಣದಾಯಿತು. ಹೆಂಡತಿ ಅದನ್ನು ಗಮನಿಸಲಿಲ್ಲ, ಅಥವಾ ಗಮನಿಸಿಯೂ ಬಿಟ್ಟಳು.

“ಮತ್ತೆ ಹಾಕಿದ್ರಲ್ಲ, ಆವಾಗ ಏನನ್ನಿಸ್ತು? ನಿಯಮ ಗಿಯಮ ಬಿಟ್ಟು ಹೇಳಿ. ಇದು ನಿಜ ಇರಬಹುದು ಅನ್ನಿಸ್ತಾ?”

ಇಲ್ಲ ಎನ್ನುವುದು ಸುಲಭವಿತ್ತು. “ಗೊತ್ತಿರಲಿಲ್ಲ,” ಎಂದ.

“ಕೇಳಬಹುದಿತ್ತಲ್ಲ.”

ಕೇಳದೇ ಇರುವುದನ್ನು ಅವನು ಇಷ್ಟು ವರ್ಷ ದೊಡ್ಡತನವೆಂದುಕೊಂಡಿದ್ದ. ಸ್ಟೂಲು ಎಳೆದುಕೊಂಡು ಅವಳ ಎದುರು ಕೂತ.

“ಏನಾಗಿತ್ತು ಆವಾಗ?”

“ಪಂದ್ಯಕ್ಕೆ ಮುಂಚೆ ಹೆದರಿ ಹಾಸಿಗೆ ಹಿಡಿದವನು ಅವನು. ಏಳಲೇ ಇಲ್ಲ. ಪಂದ್ಯ ಆಡಿಸೋರು ಫೋನ್ ಮೇಲೆ ಫೋನ್. ಹೆದರಿದ ಅಂತ ಹೇಳೋಕಾಗುತ್ತಾ? ಮರ್ಯಾದೆ ಹೋಗುತ್ತೆ ಪಾಪ ಅಂತ, ನನಗೆ ಹುಷಾರಿಲ್ಲ, ಅದಕ್ಕೆ ಅವರು ಬರಲ್ಲ ಅಂದೆ. ಜ್ವರ ಅಂದಿದ್ದೆ. ಪುಸ್ತಕದ ಹೊತ್ತಿಗೆ ಅದು ಹುಚ್ಚಾಗಿದೆ.”

“ಅಂದ್ರೆ ಆ ಸಾಲು...”

“ನಾನೇ ಶುರುಮಾಡಿದ್ದು.”

ಸಿಕ್ಕಸಿಕ್ಕವರಲ್ಲೆಲ್ಲ ಆಧಾರ ಕೇಳುತ್ತಿದ್ದ ಮನುಷ್ಯನ ಎದುರಿಗೇ ಆಧಾರ ಬಂದು ಕೂತಿತ್ತು. ಅದನ್ನು ತೆಗೆದುಕೊಂಡು ಹೋಗಿ ಹಾಕಲು ಅವನಿಗೆ ಪುಟವಿರಲಿಲ್ಲ.

“ಈಗ ಮ್ಯಾನೇಜರಿಗೆ ಏನು ಹೇಳ್ತೀಯ?”

“ನಿಮಗೆ ಹೇಳಿದ್ದನ್ನೇ. ನಂಬ್ತಾರೋ ಇಲ್ವೋ. ಸಾಲು ಹೋಯ್ತು ಅಂದಮಾತ್ರಕ್ಕೆ ಓದಿದವರ ತಲೆಯಿಂದ ಹೋಗುತ್ತಾ?” ಅವಳು ಎದ್ದು ಚೀಲ ಹೆಗಲಿಗೇರಿಸಿದಳು. “ಬರ್ತೀರಾ?”

“ನಾನಾ? ನಾನು ಬಂದ್ರೆ ಗಂಡ ಅಂತ...”

“ಗಂಡ ಅಂತಾನೇ ಬನ್ನಿ. ಒಂದೇ ಒಂದು ಮಾತು. ಅಲ್ಲಿ ಕೂತು, ಮ್ಯಾನೇಜರ್ ಹೇಳೋದ್ರಲ್ಲೂ ಅರ್ಥ ಇದೆ ಅಂದ್ರೋ, ನೋಡಿ ಮತ್ತೆ.”

ಅವನು ಬೀಗ ಹುಡುಕಿದ. ಬೀಗ ಅವನ ಕೈಯಲ್ಲೇ ಇತ್ತು.